ಹತ್ತು ಕಡೆಯಿಂದ ತೆಗೆದ ಜೋಳ

ಜೂನ್ ೪

ನಾದಿನಿಗೆ,

ಫೋನು ಬಿಟ್ಟು ಅತ್ತಿಗೆ ಕಾಗದ ಹಿಡಿದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಫೋನು ಮಾಡಿದರೆ ನಿನ್ನಮ್ಮ ಎರಡನೇ ಮಾತಿಗೇ ನನ್ನ ಕೈಯಿಂದ ಕಿತ್ತುಕೊಳ್ಳುತ್ತಾರೆ. ಎರಡೂವರೆ ಕೋಣೆಯ ಮನೆಯಲ್ಲಿ ಗುಟ್ಟು ಅನ್ನುವುದಿಲ್ಲ. ಹೊಲಿಗೆ ಯಂತ್ರದ ಸದ್ದು ನಿಂತಿತೆಂದರೆ ಅತ್ತೆ ಕಿವಿ ಇತ್ತ ಕೊಟ್ಟಿದ್ದಾರೆ ಎಂದೇ ಲೆಕ್ಕ. ಈ ವಿಷಯ ಸದ್ಯಕ್ಕೆ ಅವರಿಗೆ ತಿಳಿಯುವುದು ಬೇಡ. ಅದಕ್ಕೇ ಮನೆಯ ಮುಂದಿನ ಕೋಣೆಯ ಕ್ಲಿನಿಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮೂರು ವಾರದಲ್ಲಿ ಐದು ನಾಯಿಗಳು ಕಾಮಾಲೆಯಾಗಿ ಬಂದವು. ಹದಿನಾಲ್ಕು ವರ್ಷದಿಂದ ಇದೇ ಮೇಜಿನ ಮೇಲೆ ನಾಯಿ ನೋಡುತ್ತಿದ್ದೇನೆ. ಇಂಥವು ವರ್ಷಕ್ಕೆ ಮೂರೋ ನಾಲ್ಕೋ ಬರುತ್ತವೆ. ಇವೆಲ್ಲ ಒಂದೇ ರೀತಿ. ಮೊದಲು ಊಟ ಬಿಡುತ್ತವೆ, ಆಮೇಲೆ ವಾಂತಿ, ನಾಲ್ಕನೇ ದಿನಕ್ಕೆ ಒಸಡು, ಕಣ್ಣು ಹಳದಿ. ಇಲಿ ಜ್ವರ ಇರಬೇಕೆಂದು ರಕ್ತ ಪರೀಕ್ಷೆಗೆ ಕಳಿಸಿದೆ, ಅಲ್ಲ. ಉಣ್ಣಿ ಕಚ್ಚಿ ಬರುವ ಜ್ವರವೂ ಅಲ್ಲ. ಇಲಿ ಪಾಷಾಣ ತಿಂದಿರಬಹುದೆಂದು ಒಬ್ಬೊಬ್ಬರ ಮನೆಯ ಹಿತ್ತಲನ್ನೂ ನೋಡಿ ಬಂದೆ. ಏನೂ ಸಿಗಲಿಲ್ಲ.

ಐದರಲ್ಲಿ ನಾಲ್ಕು ತಿನ್ನುತ್ತಿದ್ದುದು ನಿಮ್ಮ ಫ್ಯಾಕ್ಟರಿಯ ಆಹಾರ, ಮೆಕ್ಕೆಜೋಳ ಹಾಕಿದ ದೊಡ್ಡ ಚೀಲದ್ದು. ಐದನೆಯದು ಮೂಲೆಯ ಕ್ಷೌರಿಕನ ನಾಯಿ. ಅದಕ್ಕೆ ಮನೆಯಲ್ಲಿ ಬೇಯಿಸಿದ್ದು ಬಿಟ್ಟರೆ ಬೇರೇನೂ ಹಾಕುವುದಿಲ್ಲ ಎಂದು ಅವನು ಆಣೆ ಮಾಡಿ ಹೇಳುತ್ತಾನೆ. ಹಾಗಾಗಿ ನಾನು ಇನ್ನೂ ಯಾರ ಮೇಲೂ ಬೊಟ್ಟು ಮಾಡುತ್ತಿಲ್ಲ. ನಿನ್ನ ಲ್ಯಾಬಿಗೆ ಬೇರೆ ಕಡೆಯಿಂದ ದೂರು ಬಂದಿದೆಯೇ? ಏಪ್ರಿಲ್, ಮೇ ತಿಂಗಳ ಜೋಳದ ಪರೀಕ್ಷೆಯ ಫಲಿತಾಂಶ ಒಮ್ಮೆ ನೋಡಿ ಹೇಳುತ್ತೀಯಾ?

ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಣ್ಣನಿಗೆ ಹಲ್ಲುನೋವು, ಡಾಕ್ಟರ ಹತ್ತಿರ ಹೋಗಲು ಭಯ. ನಮ್ಮ ಮೇಷ್ಟ್ರು ಎಂದಿನಂತೆ ಬಾಗಿಲಲ್ಲಿ ಕೂತು, ಬಿಳಿ ಹುಬ್ಬೆತ್ತಿ, ಹೋಗಿಬರುವವರ ಹಾಜರಿ ತೆಗೆದುಕೊಳ್ಳುತ್ತಾರೆ. ಅವರ ಊಟಕ್ಕೆಂದು ನೀನು ತಿಂಗಳು ತಿಂಗಳು ಕಳಿಸುವ ಚೀಲವನ್ನು ಬಿಚ್ಚುವ ಅಧಿಕಾರ ಇನ್ನೂ ಅತ್ತೆಯ ಕೈಯಲ್ಲೇ ಇದೆ. ಬಟ್ಟೆ ಕೊಡಲು ಬಂದವರಿಗೆಲ್ಲ ಚೀಲ ತೋರಿಸುತ್ತಾರೆ: “ನನ್ನ ಮಗಳು ಪರೀಕ್ಷೆ ಮಾಡಿ ಕಳ್ಸಿದ್ದು.” ನಾಯಿಗೆ ಬಹುವಚನ, ಮಗನಿಗೆ ಏಕವಚನ ಎಂದು ನಿನ್ನ ಅಣ್ಣ ಗೊಣಗುವುದೂ ನಿಂತಿಲ್ಲ.

ನಿನ್ನ ಅತ್ತಿಗೆ


ಜೂನ್ ೧೩

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಬಂದ ದಿನವೇ ಎರಡೂ ತಿಂಗಳ ರಿಜಿಸ್ಟರ್ ತೆಗೆದು ನೋಡಿದೆ. ಬಂದ ಪ್ರತಿ ಲಾರಿಯ ಜೋಳಕ್ಕೂ ಪರೀಕ್ಷೆ ಆಗಿದೆ. ಲಿವರನ್ನು ಕೆಡಿಸುವ ಬೂಷ್ಟಿನ ವಿಷ ಒಂದರಲ್ಲೂ ಮಿತಿ ಮೀರಿಲ್ಲ. ಪ್ರತಿ ಪುಟದ ಕೆಳಗೂ ನನ್ನದೇ ಸಹಿ ಇದೆ. ಬೇರೆ ಯಾವ ಊರಿಂದಲೂ ದೂರು ಬಂದಿಲ್ಲ.

ನೀವು ತಪ್ಪು ತಿಳಿಯುವುದಿಲ್ಲ ಎಂದುಕೊಂಡು ಹೇಳುತ್ತೇನೆ. ಅಂಗಡಿಯವರು ಚೀಲವನ್ನು ಹಸಿ ನೆಲದ ಮೇಲೆ ಇಡುತ್ತಾರೆ, ಬಿಚ್ಚಿದ ಚೀಲವನ್ನು ತಿಂಗಳುಗಟ್ಟಲೆ ಬಿಡುತ್ತಾರೆ. ಕೊನೆಗೆ ಬೆರಳು ತೋರಿಸುವುದು ಫ್ಯಾಕ್ಟರಿ ಕಡೆಗೆ. ಮೊದಲು ಅಂಗಡಿಯ ಗೋದಾಮು ನೋಡಿ. ಕ್ಷೌರಿಕನ ನಾಯಿ ನಮ್ಮದನ್ನು ತಿಂದೇ ಇಲ್ಲ ಎಂದು ನೀವೇ ಬರೆದಿದ್ದೀರಿ. ಅದಕ್ಕೂ ಕಾಮಾಲೆ ಬಂದಿದೆ ಎಂದಮೇಲೆ ಕಾರಣ ಬೇರೆಲ್ಲೋ ಇದೆ.

ಇನ್ನೊಂದು ಮಾತು. ಮೇಷ್ಟ್ರು ತಿನ್ನುತ್ತಿರುವುದೂ ಮೇ ತಿಂಗಳ ಚೀಲವೇ ಅಲ್ಲವೇ? ಅವರು ಗಟ್ಟಿಮುಟ್ಟಾಗಿದ್ದಾರೆ. ಅವರಿಗಿಂತ ದೊಡ್ಡ ಸಾಕ್ಷಿ ನಾನು ಎಲ್ಲಿಂದ ತರಲಿ?

ಅಮ್ಮನಿಗೆ ಮುಂದಿನ ಚೀಲ ಈ ವಾರ ಹೊರಡುತ್ತದೆಂದು ಹೇಳಿ. ಅಣ್ಣನಿಗೆ ಹಲ್ಲು ಕೀಳಿಸಿಕೊಳ್ಳಲು ಹೇಳಿ.

ನಿಮ್ಮ ನಾದಿನಿ


ಜುಲೈ ೨

ನಾದಿನಿಗೆ,

ಹನ್ನೊಂದು ನಾಯಿಗಳಾದವು. ಮೂರು ಸತ್ತವು.

ನೀನು ಹೇಳಿದ ಹಾಗೆ ಗೋದಾಮು ನೋಡಿದೆ. ಒಣಗಿದ ನೆಲ, ಕೆಳಗೆ ಮರದ ಹಲಗೆ, ಚೀಲಗಳ ಹೊಲಿಗೆ ಬಿಚ್ಚಿಲ್ಲ. ಅಲ್ಲಿಗೆ ಹೋದದ್ದರಿಂದ ಇನ್ನೊಂದು ಲಾಭವಾಯಿತು. ಅಂಗಡಿಯ ಹಿಂಬಾಗಿಲು ತೆರೆಯುವುದು ಕ್ಷೌರದ ಅಂಗಡಿಯ ಹಿತ್ತಲಿಗೆ. ಸಾಗಿಸುವಾಗ ಹರಿದ ಚೀಲದಿಂದ ಉದುರಿದ ನಿಮ್ಮ ಆಹಾರದ ಕಾಳನ್ನು ಅಂಗಡಿಯಾಕೆ ದಿನಾ ಮಧ್ಯಾಹ್ನ ಗುಡಿಸಿ ಆ ನಾಯಿಗೆ ಹಾಕುತ್ತಿದ್ದಳು. “ಪಾಪ, ಹಸ್ಕೊಂಡಿರುತ್ತೆ ಅಂತ” ಎಂದಳು. ಕ್ಷೌರಿಕನಿಗೆ ಇದು ಗೊತ್ತೇ ಇರಲಿಲ್ಲ. ಹಾಗಾಗಿ ಹನ್ನೊಂದಕ್ಕೆ ಹನ್ನೊಂದೂ ನಿಮ್ಮ ಆಹಾರವನ್ನೇ ತಿಂದವು.

ನೋಟುಪುಸ್ತಕ ಇಟ್ಟಿದ್ದೇನೆ: ನಾಯಿಯ ವಯಸ್ಸು, ತೂಕ, ಯಾವ ಬ್ಯಾಚು, ಎಷ್ಟು ದಿನ ತಿಂದಿತು. ಅದೇ ಬೀದಿಗಳಲ್ಲಿ ಬೇರೆ ಆಹಾರ ತಿನ್ನುವ ಮೂವತ್ತು ನಾಯಿಗಳನ್ನೂ ಕರೆಸಿ ರಕ್ತ ನೋಡಿದೆ. ಒಂದಕ್ಕೂ ಲಿವರಿನ ತೊಂದರೆ ಇಲ್ಲ. ಆರು ಚೀಲದ ಆಹಾರವನ್ನೂ ಸತ್ತ ನಾಯಿಯೊಂದರ ಲಿವರಿನ ತುಂಡನ್ನೂ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿದ್ದೇನೆ. ಫಲಿತಾಂಶಕ್ಕೆ ತಿಂಗಳ ಮೇಲಾಗುತ್ತದಂತೆ.

ಪ್ರತಿ ಬ್ಯಾಚಿನದೂ ಒಂದೊಂದು ಡಬ್ಬಿ ನೀವು ಕಾದಿಡುತ್ತೀರಲ್ಲ, ಅದನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸು. ಈ ಸಲ ಕೇಳಿಕೊಳ್ಳುತ್ತಿದ್ದೇನೆ.

ಮನೆಗೆ ಚೀಲ ಕಳಿಸುವುದು ಬೇಡ. ಆಹಾರ ಬದಲಿಸಿದ್ದೇವೆ. ಅತ್ತೆ ಸ್ವಲ್ಪ ಸೊರಗಿದ್ದಾರೆ, ಊಟ ಕಡಿಮೆ. ವಯಸ್ಸಿನದು, ತಲೆ ಕೆಡಿಸಿಕೊಳ್ಳಬೇಡ.

ಅತ್ತಿಗೆ


ಜುಲೈ ೮

ಡಾಕ್ಟರಿಗೆ ನಮಸ್ಕಾರ.

ತಮ್ಮ ಪತ್ರ ತಲುಪಿದೆ. ಉತ್ಪಾದನೆಯ ವಿಷಯದಲ್ಲಿ ಏನಾದರೂ ಕೇಳುವುದಿದ್ದರೆ ದಯವಿಟ್ಟು ಸಂಸ್ಥೆಯ ಕಚೇರಿಗೆ, ವ್ಯವಸ್ಥಾಪಕರ ಹೆಸರಿಗೆ ಬರೆಯಬೇಕು. ಕಾದಿಟ್ಟ ಸ್ಯಾಂಪಲ್ಲುಗಳನ್ನು ಹೊರಗಿನವರ ಕೋರಿಕೆಯ ಮೇಲೆ ತೆರೆಯಲು ಬರುವುದಿಲ್ಲ.

ಮುಖ್ಯಸ್ಥೆ, ಗುಣಮಟ್ಟ ವಿಭಾಗ


ಜುಲೈ ೧೫

ನಾದಿನಿಗೆ,

ಹೊರಗಿನವರು ಎಂಬ ಮಾತನ್ನು ಎರಡು ಸಲ ಓದಿದೆ. ಮದುವೆಯಾಗಿ ಈ ಮನೆಗೆ ಬಂದ ವರ್ಷ ನಿನಗೆ ರಸಾಯನಶಾಸ್ತ್ರದ ಪಾಠ ಹೇಳಿಕೊಟ್ಟವಳು ನಾನು. ಇರಲಿ.

ನಿನ್ನೆ ಬಂದವರ ವಿಷಯ ಬರೆಯುತ್ತೇನೆ, ನಿನಗೂ ತಿಳಿದಿರಲಿ. ನಿವೃತ್ತ ಪೋಸ್ಟ್‌ಮ್ಯಾನ್. ಒಬ್ಬರೇ ಇರುವುದು. ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ತುಳಿಯದೆ ತಳ್ಳಿಕೊಂಡೇ ಬಂದಿದ್ದರು. ನಾಯಿ ಅರ್ಧ ಗಂಟೆ ಬದುಕಿತ್ತು. ಆಮೇಲೆ ಅವರು ಕೇಳಿದ್ದು ಒಂದೇ: “ನನ್ನ ಕೈಯಾರೆ ನಾನೇ ಹಾಕಿದ್ದಲ್ವಾ ಡಾಕ್ಟ್ರೇ? ಅದು ಬೇಡ ಅಂತ ಮುಖ ತಿರುಗಿಸ್ತು. ತಿನ್ನು ಅಂತ ಗದರಿಸಿ ತಿನ್ನಿಸಿದೆ.”

ಅದಕ್ಕೆ ಉತ್ತರ ನಿನ್ನ ಹತ್ತಿರ ಇದೆ, ಡಬ್ಬಿಯಲ್ಲಿ ಹಾಕಿ ಬೀಗ ಹಾಕಿಟ್ಟಿದ್ದೀಯ. ಕುರ್ಚಿ ಉಳಿಸಿಕೊಳ್ಳುವುದು ಅಷ್ಟು ಮುಖ್ಯವಾದರೆ ಉಳಿಸಿಕೋ. ನಾನು ಇನ್ನು ನಿನಗೆ ಬರೆಯುವುದಿಲ್ಲ.

ಅತ್ತಿಗೆ


ಆಗಸ್ಟ್ ೨೪

ಅತ್ತಿಗೆ,

ನೀವು ಬರೆಯುವುದಿಲ್ಲ ಎಂದಿರಿ. ನಾನು ಬರೆಯಬಾರದು ಎಂದಿಲ್ಲ. ಕೊನೆಯ ತನಕ ಓದಿ, ಆಮೇಲೆ ಹರಿದು ಹಾಕಿದರೂ ಸರಿ.

ನಿಮ್ಮ ಜುಲೈ ಎರಡರ ಕಾಗದ ಮನೆಯ ಬದಲು ಲ್ಯಾಬಿನ ವಿಳಾಸಕ್ಕೆ ಬಂದಿತ್ತು. ಕಚೇರಿಯಲ್ಲಿ ಒಡೆದು ಓದಿದರು. ಆ ಉತ್ತರ ಬರೆಯುವಾಗ ವ್ಯವಸ್ಥಾಪಕರು ನನ್ನ ಮೇಜಿನ ಪಕ್ಕದಲ್ಲೇ ನಿಂತಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅವರು ನಿಂತಿರದಿದ್ದರೂ ನಾನು ಅದನ್ನೇ ಬರೆಯುತ್ತಿದ್ದೆನೋ ಏನೋ.

ಈಗ ನಿಜ ಹೇಳುತ್ತೇನೆ. ಏಪ್ರಿಲ್‌ನಲ್ಲಿ ನಮ್ಮ ದೊಡ್ಡ ಯಂತ್ರ ಕೆಟ್ಟು ರಿಪೇರಿಗೆ ಹೋಯಿತು. ಮೂರು ವಾರ ಬರೀ ಕಾಗದದ ಪಟ್ಟಿಯಲ್ಲಿ ಪರೀಕ್ಷೆ ಮಾಡಿದೆವು. ಪಟ್ಟಿ ಸುಳ್ಳು ಹೇಳುವುದಿಲ್ಲ, ಆದರೆ ಅದಕ್ಕೆ ಕೊಟ್ಟ ಜೋಳದ ವಿಷಯವನ್ನಷ್ಟೇ ಹೇಳುತ್ತದೆ. ಬೂಷ್ಟು ಲಾರಿ ತುಂಬ ಸಮನಾಗಿ ಹರಡಿರುವುದಿಲ್ಲ, ಎಲ್ಲೋ ಒಂದು ಕಡೆ ಗಂಟು ಕಟ್ಟಿಕೊಂಡಿರುತ್ತದೆ. ಅದಕ್ಕೇ ಹತ್ತು ಕಡೆ, ತಳದ ತನಕ ಕೊಳವೆ ಇಳಿಸಿ ಜೋಳ ತೆಗೆಯಬೇಕು ಎಂದು ನಿಯಮ. ಆ ಮೂರು ವಾರ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹಿಂಬಾಗಿಲು ತೆರೆದು, ಎದುರಿಗಿದ್ದದ್ದರಲ್ಲಿ ಒಂದು ಬೊಗಸೆ ತೆಗೆದರು. ರಿಜಿಸ್ಟರಿನಲ್ಲಿ “ಹತ್ತು ಕಡೆಯಿಂದ” ಎಂದು ಮೊದಲೇ ಅಚ್ಚಾಗಿರುತ್ತದೆ. ಅದರ ಕೆಳಗೆ ನಾನು ಸಹಿ ಹಾಕಿದೆ. ಹದಿನಾಲ್ಕು ಲಾರಿ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಒಂದು ಬೊಗಸೆ ಎಂದು ನನಗೆ ಗೊತ್ತಿತ್ತು.

ನಿಮ್ಮ ಮೊದಲ ಕಾಗದಕ್ಕೆ ರಿಜಿಸ್ಟರ್ ನೋಡಿ ಉತ್ತರ ಬರೆದೆನಲ್ಲ, ಆಗಲೂ ಗೊತ್ತಿತ್ತು. ಇಷ್ಟು ವರ್ಷ ಏನೂ ಆಗಿಲ್ಲ, ಈಗಲೂ ಆಗಿರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪೋಸ್ಟ್‌ಮ್ಯಾನ್ ವಿಷಯ ಓದಿದ ಮೇಲೆ ಎರಡು ಭಾನುವಾರ ಲ್ಯಾಬಿಗೆ ಹೋದೆ. ಯಂತ್ರ ವಾಪಸ್ಸು ಬಂದಿತ್ತು. ಇಪ್ಪತ್ತಮೂರು ಡಬ್ಬಿ ತೆರೆದು ಒಂದೊಂದನ್ನೂ ಮೂರು ಸಲ ಓಡಿಸಿದೆ. ನಾಲ್ಕು ಬ್ಯಾಚು ಮಿತಿಗಿಂತ ಹೆಚ್ಚು, ಒಂದು ಎಂಟು ಪಟ್ಟು. ಕಾಗದ ಹಿಡಿದು ವ್ಯವಸ್ಥಾಪಕರ ಕೋಣೆಗೆ ಹೋದರೆ, ಸರ್ಕಾರಿ ಫಲಿತಾಂಶ ಬರಲಿ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರು ಎಂದರು. ಒಂಬತ್ತು ದಿನ ಮುಚ್ಚಿಕೊಂಡೂ ಇದ್ದೆ. ಆ ಒಂಬತ್ತು ದಿನದಲ್ಲಿ ಎಷ್ಟು ಬಟ್ಟಲು ತುಂಬಿದವೋ. ಹತ್ತನೇ ದಿನ ಆಹಾರ ಸುರಕ್ಷತಾ ಕಚೇರಿಗೆ ಹೋಗಿ ಫಲಿತಾಂಶ, ರಿಜಿಸ್ಟರಿನ ನಕಲು, ನನ್ನ ಹೇಳಿಕೆ ಮೂರನ್ನೂ ಕೊಟ್ಟೆ. ಅಲ್ಲಿನ ಅಧಿಕಾರಿ ಓದಿ, “ಇದರಲ್ಲಿ ನಿಮ್ಮ ಸಹಿನೇ ಇದೆಯಲ್ಲಮ್ಮ” ಎಂದರು. ಹೌದು ಎಂದೆ.

ಇಪ್ಪತ್ತನೇ ತಾರೀಕು ಚೀಲಗಳನ್ನು ವಾಪಸ್ಸು ತರಿಸುವ ಆದೇಶ ಹೊರಬಿತ್ತು, ನೀವು ನೋಡಿರುತ್ತೀರಿ. ನನ್ನನ್ನು ಗೇಟಿನ ಒಳಗೆ ಬಿಡುತ್ತಿಲ್ಲ.

ಅತ್ತಿಗೆ, ಇನ್ನೊಂದು ಕೇಳಬೇಕು. ಅಮ್ಮನಿಗೆ ಫೋನು ಮಾಡಿದಾಗಲೆಲ್ಲ ಮೇಷ್ಟ್ರ ವಿಷಯ ಕೇಳುತ್ತೇನೆ. “ಮಲಗಿದ್ದಾರೆ” ಅನ್ನುತ್ತಾರೆ. ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಮಲಗಿದ್ದರು. ನಿಜ ಬರೆಯಿರಿ.

ನಿಮ್ಮ ನಾದಿನಿ


ಆಗಸ್ಟ್ ೩೧

ನಾದಿನಿಗೆ,

ಜುಲೈ ಕಾಗದದಲ್ಲಿ ಮೂರು ನಾಯಿ ಸತ್ತವು ಎಂದು ಬರೆದಿದ್ದೆ. ಮೂರನೆಯದು ಮೇಷ್ಟ್ರು.

ನಿನ್ನ ಜೂನ್ ಹದಿಮೂರರ ಕಾಗದ ನನ್ನ ಕೈಗೆ ಬಂದದ್ದು ಹದಿನಾರಕ್ಕೆ. ಆ ಬೆಳಿಗ್ಗೆ, ಯಾವುದಕ್ಕೂ ಇರಲಿ, ಚೀಲ ಬದಲಿಸೋಣ ಎಂದು ಬಟ್ಟಲು ತೊಳೆದು ಬೋರಲು ಹಾಕಿದ್ದೆ. ನಿನ್ನ ಕಾಗದ ಓದಿ ಮತ್ತೆ ಬಟ್ಟಲು ತುಂಬಿಸಿದೆ. ಇಪ್ಪತ್ತೊಂದಕ್ಕೆ ಅವರು ಊಟ ಬಿಟ್ಟರು. ಡ್ರಿಪ್ ಹಾಕಿದೆ, ರಕ್ತ ಹೆಪ್ಪುಗಟ್ಟಲು ಇಂಜೆಕ್ಷನ್ ಕೊಟ್ಟೆ, ಪಕ್ಕದ ಬೀದಿಯ ನಾಯಿಯೊಂದರ ರಕ್ತವನ್ನೂ ಕೊಟ್ಟೆ. ಇಪ್ಪತ್ತೇಳನೇ ತಾರೀಕು ಬೆಳಿಗ್ಗೆ, ಹೊಲಿಗೆ ಯಂತ್ರದ ಕೆಳಗೆ, ಅತ್ತೆಯ ಕಾಲ ಹತ್ತಿರ ಹೋದರು.

ನಿನಗೆ ಏಕೆ ಬರೆಯಲಿಲ್ಲ ಎಂದರೆ, ನಿನ್ನ ಕಾಗದ ನಂಬಿ ಬಟ್ಟಲು ತುಂಬಿಸಿದೆ ಎಂದು ಬರೆಯಬೇಕಾಗುತ್ತಿತ್ತು. ಅದು ಅರ್ಧ ನಿಜ. ಐದು ನಾಯಿಗಳ ಒಸಡನ್ನು ಕಣ್ಣಾರೆ ನೋಡಿದ್ದವಳು ನಾನು. ಸಂಶಯ ಬಂದ ದಿನವೇ ನಿಲ್ಲಿಸಿ ಎಂದು ಬೇರೆಯವರಿಗೆ ಹೇಳುವ ಡಾಕ್ಟರು, ಮನೆಯಲ್ಲಿ ಮಾತ್ರ ಅತ್ತೆಯ ಮುಖ ಚಿಕ್ಕದಾಗುತ್ತದೆಂದು ಹಿಂದೆಮುಂದೆ ನೋಡಿದೆ. ನಿನ್ನ ಮೇಲೆ ಅಷ್ಟು ಸಿಟ್ಟು ಕಾರಿದ್ದರಲ್ಲಿ ನನ್ನ ಮೇಲಿನ ಸಿಟ್ಟೂ ಇತ್ತು.

ಅತ್ತೆಗೆ ಆಗ ವಯಸ್ಸಾಗಿತ್ತು, ಲಿವರ್ ಸೋತಿತು ಎಂದಷ್ಟೇ ಹೇಳಿದೆ. ನಿನ್ನ ಲ್ಯಾಬಿನಲ್ಲಿ ತಪಾಸಣೆ ನಡೆಯುತ್ತಿದೆ, ಈಗ ತಿಳಿಸುವುದು ಬೇಡ, ನಿಧಾನವಾಗಿ ನಾನೇ ಬರೆಯುತ್ತೇನೆ ಎಂದೂ ಹೇಳಿದ್ದೆ. ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿದ ಲಿವರಿನ ತುಂಡು ಮೇಷ್ಟ್ರದ್ದೇ. ಅವರನ್ನು ಹೂಳುವ ಮೊದಲು, ಅತ್ತೆಗೆ ಹೇಳದೆ ತೆಗೆದುಕೊಂಡಿದ್ದೆ. ಮೊನ್ನೆ ಫಲಿತಾಂಶ ಬಂತು. ನೀನು ಕಂಡದ್ದನ್ನೇ ಅವರೂ ಕಂಡಿದ್ದಾರೆ.

ನಿನ್ನ ಕಾಗದ ಬಂದ ಸಂಜೆ ಅತ್ತೆಯನ್ನು ಕೂರಿಸಿಕೊಂಡು ಒಂದೂ ಬಿಡದೆ ಹೇಳಿದೆ. ನಿನ್ನ ಅಣ್ಣನೂ ಇದ್ದ. ಸೂಜಿಗೆ ದಾರ ಪೋಣಿಸುತ್ತಾ ಕೇಳಿದರು. ಕೊನೆಗೆ, “ಅವಳು ನೋಡದೆ ಸಹಿ ಹಾಕಿದ್ಲಾ?” ಎಂದರು. ಹಾಕಿದಳು ಎಂದೆ. “ಗೊತ್ತಿದ್ದೂ?” ಅದಕ್ಕೂ ಹೌದು ಎನ್ನಬೇಕಾಯಿತು. ಅಂದಿನಿಂದ ನಿನ್ನ ಫೋನು ಬಂದರೆ ಎದ್ದು ಒಳಗೆ ಹೋಗುತ್ತಾರೆ. ಒತ್ತಾಯ ಮಾಡಬೇಡ ಎಂದು ನಿನ್ನ ಅಣ್ಣ ಹೇಳುತ್ತಾನೆ. ನನಗೂ ಹಾಗೇ ಅನಿಸುತ್ತದೆ.

ಒಟ್ಟು ಹದಿನೇಳು ನಾಯಿಗಳು. ಆರು ಹೋದವು, ಹನ್ನೊಂದು ಉಳಿದವು. ಕ್ಷೌರಿಕನದು ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದೆ. ಚೀಲಗಳು ವಾಪಸ್ಸು ಹೋದ ಮೇಲೆ ಹೊಸದೊಂದೂ ಬಂದಿಲ್ಲ. ಪೋಸ್ಟ್‌ಮ್ಯಾನ್ ಮನೆಗೆ ಹೋಗಿ, ತಪ್ಪು ಚೀಲದಲ್ಲಿತ್ತು, ನಿಮ್ಮ ಕೈಯಲ್ಲಿರಲಿಲ್ಲ ಎಂದು ಹೇಳಿ ಬಂದೆ. ಅವರು ಅದನ್ನು ಕಾಗದದಲ್ಲಿ ಬರೆಸಿಕೊಂಡರು.

ನೀನು ಹೇಳಿಕೆ ಕೊಡದಿದ್ದರೆ ಇದು ಇಷ್ಟು ಬೇಗ ನಿಲ್ಲುತ್ತಿರಲಿಲ್ಲ. ಇದನ್ನೂ ಬರೆದು ತಿಳಿಸಬೇಕಿತ್ತು.

ನಿನ್ನ ಅತ್ತಿಗೆ


ಅಕ್ಟೋಬರ್ ೧೯

ಅತ್ತಿಗೆ,

ವಿಚಾರಣೆ ಮುಗಿಯಿತು. ವ್ಯವಸ್ಥಾಪಕರ ಮೇಲೆ ಮೊಕದ್ದಮೆ. ನಾನು ಎರಡು ವರ್ಷ ಯಾವ ಪರೀಕ್ಷೆಯ ವರದಿಗೂ ಸಹಿ ಹಾಕುವಂತಿಲ್ಲ. ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ಬಾಟಲಿ ತೊಳೆಯುವುದು, ನಲ್ಲಿಗಳಿಂದ ನೀರು ಹಿಡಿದು ತರುವುದು. ನನ್ನ ಮೇಲಿನವನು ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಬಾಟಲಿ ಹಿಡಿಯುವ ರೀತಿ ಸರಿಯಿಲ್ಲ ಎಂದು ಬೈಯುತ್ತಾನೆ. ಅವನು ಹೇಳುವುದು ಸರಿ.

ಮೇಷ್ಟ್ರ ಬಗ್ಗೆ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಅಮ್ಮನಿಗೆ ಬರೆದ ಕಾಗದ ಒಡೆಯದೆ ವಾಪಸ್ಸು ಬಂತು.

ನಾದಿನಿ


ನವೆಂಬರ್ ೫

ನಾದಿನಿಗೆ,

ಎರಡೇ ಸಾಲು. ನಿನ್ನೆ ಅತ್ತೆ ನಿನ್ನ ವಿಳಾಸ ಕೇಳಿದರು, ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಭಾನುವಾರದ ಬಸ್ಸಿಗೆ ಒಬ್ಬರೇ ಬರುತ್ತಾರಂತೆ, ಸಂಜೆ ನಾಲ್ಕರ ಬಸ್ಸಿಗೆ ವಾಪಸ್ಸಂತೆ. ಏಕೆಂದು ಹೇಳಲಿಲ್ಲ. ಸಮಾಧಾನವಾಗಿದೆ ಎಂದು ನಾನು ಮಾತು ಕೊಡಲಾರೆ. ಮನೆಯಲ್ಲಿರು.

ಅತ್ತಿಗೆ


ನವೆಂಬರ್ ೧೦

ಅತ್ತಿಗೆ,

ಅಮ್ಮ ಹತ್ತೂವರೆಗೆ ಬಂದರು. ಮೂರು ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕೂತರು, ಚಪ್ಪಲಿ ಬಿಡಲಿಲ್ಲ. ನೀರು ಕೊಟ್ಟೆ, ಕುಡಿದರು. ನಾನು ತಪ್ಪಾಯಿತು ಎಂದು ಹೇಳಲು ಹೊರಟೆ. ಅದು ಆಮೇಲೆ ಎಂದು ಕೈ ಅಡ್ಡ ಹಿಡಿದರು.

“ನಿನ್ನತ್ತಿಗೆ ಹೇಳಿದ್ದು ನಂಗೆ ಪೂರ್ತಿ ಅರ್ಥ ಆಗ್ಲಿಲ್ಲ. ಒಂದು ಬೊಗಸೆ ತೆಗೆದ್ರೆ ಏನು ತಪ್ಪು? ಬಟ್ಟೆ ತಗೊಳ್ವಾಗ ನಾನೂ ಒಂದು ಮೂಲೆ ಮುಟ್ಟಿ ನೋಡ್ತೀನಿ. ಎಲ್ಲಿ ತಪ್ಪಿದೆ, ತೋರ್ಸು.”

ಕೆಳಗಿನ ಧಾನ್ಯದ ಅಂಗಡಿಯಿಂದ ಒಂದು ಬಕೆಟ್ ಜೋಳ ತಂದೆ. ಅಮ್ಮನಿಗೆ ಗೋಡೆ ಕಡೆ ತಿರುಗಲು ಹೇಳಿ, ಬೂಷ್ಟಿನ ಬದಲು ಒಂದು ಹಿಡಿ ಕರಿಮೆಣಸನ್ನು ಜೋಳದೊಳಗೆ ಒಂದು ಕಡೆ ಹೂತಿಟ್ಟೆ. ಈಗ ತೆಗೆಯಿರಿ ಎಂದೆ. ಸೆರಗು ಸಿಕ್ಕಿಸಿ ಒಂದು ಬೊಗಸೆ ತೆಗೆದರು. ಬರೀ ಜೋಳ. ಇನ್ನೊಂದು ಕಡೆ ತೆಗೆದರು, ಅದೂ ಜೋಳ. ಹೀಗೆ ಆರು ಸಲ. ಏಳನೇ ಸಲ ಮೊಣಕೈವರೆಗೆ ಕೈ ಇಳಿಸಿದರು. ಮೇಲೆ ಬಂದಾಗ ಬೊಗಸೆ ಕಪ್ಪಾಗಿತ್ತು.

ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಹಾಗಾದ್ರೆ ಮೊದಲಿನ ಆರು ಸಲ ಸುಳ್ಳಲ್ಲ.”

“ಅಲ್ಲಮ್ಮ. ಆದ್ರೆ ಏಳನೇ ಸಲ ನಾನು ಕೈ ಹಾಕ್ಲೇ ಇಲ್ಲ. ಹಾಕಿದೀನಿ ಅಂತ ಬರೆದೆ.”

ಅವರು ಕರಿಮೆಣಸನ್ನೆಲ್ಲ ಆರಿಸಿ ನನ್ನ ಅಂಗೈಗೆ ಹಾಕಿದರು. ಮತ್ತೆ ಬಚ್ಚಿಡು ಎಂದು ತಾವೇ ಗೋಡೆ ಕಡೆ ತಿರುಗಿದರು. ಬಚ್ಚಿಟ್ಟೆ. ಆ ಸಲ ಎರಡನೆಯದಕ್ಕೇ ಸಿಕ್ಕಿತು. ಮತ್ತೊಮ್ಮೆ ಎಂದರು. ಆಗ ಒಂಬತ್ತು ಬೇಕಾಯಿತು. ಮಧ್ಯದಲ್ಲಿ ಯಾವಾಗಲೋ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತಿದ್ದರು. ಎರಡು ಗಂಟೆಗೆ ಊಟಕ್ಕೆ ಎದ್ದೆವು. ತಟ್ಟೆಯ ಮುಂದೆ ಮೇಷ್ಟ್ರ ಕೊನೆಯ ವಾರದ ವಿಷಯವನ್ನೆಲ್ಲ ಅವರೇ ಹೇಳಿದರು, ನಾನು ಕೇಳಿದೆ. ಇಬ್ಬರೂ ಅತ್ತೆವು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಊಟ ಮುಗಿಸಿ ಕೈ ತೊಳೆದು ಮತ್ತೆ ಬಕೆಟ್ಟಿನ ಮುಂದೆ ಕೂತರು. ಈ ಸಲ ಬಚ್ಚಿಡುವ ಸರದಿ ತಮ್ಮದು ಎಂದರು. ನಾನು ಗೋಡೆ ಕಡೆ ತಿರುಗಿದೆ. ಹತ್ತೂ ಕಡೆ ಕೈ ಹಾಕಿದೆ, ಒಂದನ್ನೂ ಬಿಡಲಿಲ್ಲ. ಅವರು ಬೆರಳು ಮಡಿಚಿ ಎಣಿಸುತ್ತಿದ್ದರು.

ನಾಲ್ಕರ ಬಸ್ಸು ಹೋಯಿತು. ಶನಿವಾರದ ಬಸ್ಸಿಗೆ ಕೂರಿಸುತ್ತೇನೆ, ಅಣ್ಣನಿಗೆ ಹೇಳಿ.

ನಿಮ್ಮ ನಾದಿನಿ